ಸಿಡಿಲಿಗೆ ಸಿಕ್ಕಿದ ಬ್ಯಾಕಪ್: ಬದಿಯಡ್ಕದ ಕಡೆಯ ಡಿಟಿಪಿ ಅಂಗಡಿಯೊಂದರ ಪ್ರಕರಣ

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಹೇಗೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನದವರೆಗೆ ಉರಿ ಬಿಸಿಲು. ಮೂರು ಗಂಟೆ ಕಳೆಯಿತು ಅಂದರೆ ಮೂಡು ದಿಕ್ಕಿನಲ್ಲಿ ಮೋಡ ಕಪ್ಪಾಗುತ್ತದೆ, ನಾಲ್ಕಕ್ಕೆ ಗುಡುಗು ಸಿಡಿಲು ಶುರು. ಆಟಿಯಲ್ಲಿ (ಜುಲೈ-ಆಗಸ್ಟ್) ಹಗಲೂ ರಾತ್ರಿ ಸುರಿಯುವ ಮಳೆಗೂ ಇಷ್ಟು ಸಿಡಿಲು ಇರುವುದಿಲ್ಲ. ಅಂಥದ್ದೇ ಒಂದು ಸಂಜೆ ನನಗೆ ಫೋನ್ ಬಂತು.

"ತಮ್ಮಾ, ಕರೆಂಟು ಬಂತು. ಕಂಪ್ಯೂಟರ್ ಮಾತ್ರ ಬರುವುದಿಲ್ಲ. ಒಂದು ನಮೂನೆ ಕರಟಿದ ವಾಸನೆ ಬರ್ತಾ ಉಂಟು."

ಫೋನ್ ಮಾಡಿದವರು ಬದಿಯಡ್ಕದ ಹತ್ತಿರ ಕನ್ನಡ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚಿಗೆ ತಯಾರು ಮಾಡಿಕೊಡುವ ಅಂಗಡಿ, ನಡೆಸುವ ಅಕ್ಕ. ಹೆಸರು ಬೇಡ, ಆದದ್ದನ್ನು ಬರೆ, ನಾಲ್ಕು ಜನಕ್ಕೆ ಉಪಕಾರ ಆದರೆ ಆಗಲಿ ಅಂದಿದ್ದಾರೆ. ನಾನು ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಅಂಗಡಿಗಳ, ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಅವರ ಅಂಗಡಿಗೂ ನಾನೇ ಹೋಗುವುದು. ಹಾಗಾಗಿ ಈ ಪ್ರಕರಣದಲ್ಲಿ ನನ್ನ ಪಾಲೂ ಇದೆ. ಬ್ಯಾಕಪ್, ಅಂದರೆ ಫೈಲುಗಳ ಇನ್ನೊಂದು ಪ್ರತಿ, ಇದೆಯಾ ಅಂತ ನಾನು ಹಿಂದೆ ಎರಡು ಸಲ ಕೇಳಿದ್ದೆ. ಇದೆ ಅಂದಿದ್ದರು. ಎಲ್ಲಿದೆ, ಯಾವಾಗಿನದು ಅಂತ ನಾನು ಕೇಳಿರಲಿಲ್ಲ.

ಅಂಗಡಿಯಲ್ಲಿ ಇದ್ದದ್ದು

ಹೊರಗಿನಿಂದ ನೋಡಿದರೆ ಸಾಧಾರಣ ಅಂಗಡಿ. ಒಂದು ಡೆಸ್ಕ್‌ಟಾಪ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಶಿನ್, ಲ್ಯಾಮಿನೇಶನ್. ಆದರೆ ಆ ಕಂಪ್ಯೂಟರಿನೊಳಗೆ ಹದಿಮೂರು ವರ್ಷದ ಊರು ಇತ್ತು. ಮದುವೆಯ, ಉಪನಯನದ ಹೇಳಿಕೆ ಕಾಗದ, ಯಕ್ಷಗಾನ ಸಂಘದ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ತರವಾಡು ಮನೆಗಳ ವಂಶಾವಳಿ, ಭಜನಾ ಮಂದಿರದ ಲೆಕ್ಕಪತ್ರ, ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲಿನ ಇಷ್ಟು ವರ್ಷಗಳಲ್ಲಿ ಇಲ್ಲಿನ ಕನ್ನಡದ ಎಷ್ಟೋ ಬರಹ ಉಳಿದಿರುವುದು ಮಾಷ್ಟ್ರುಗಳ ಮನೆಯ ಅಟ್ಟದಲ್ಲಿ, ದೇವಸ್ಥಾನದ ಪೆಟ್ಟಿಗೆಯಲ್ಲಿ, ಇಂಥ ಸಣ್ಣ ಅಂಗಡಿಗಳ ಕಂಪ್ಯೂಟರಿನಲ್ಲಿ. ಇದನ್ನು ನಾನು ಸುಮ್ನೆ ಭಾವುಕನಾಗಿ ಹೇಳುತ್ತಿಲ್ಲ. ಅಂಗಡಿಯ ಡಿಸ್ಕು ಹೋದರೆ ಹೋಗುವುದು ಅಕ್ಕನ ಸಂಪಾದನೆ ಮಾತ್ರ ಅಲ್ಲ.

ಆ ಹೊತ್ತಿಗೆ ಕೈಯಲ್ಲಿದ್ದ ದೊಡ್ಡ ಕೆಲಸ ಒಂದು ಸ್ಮರಣ ಸಂಚಿಕೆ. ಅದರಲ್ಲಿ ದೇವಸ್ಥಾನದ ಹಳೆಯ ಕಥೆಯನ್ನು ಊರಿನ ಹಿರಿಯರೊಬ್ಬರು ಬಾಯಲ್ಲೇ ಹೇಳಿದ್ದರು. ಅಕ್ಕ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಫೋನಿನಲ್ಲಿ ನಲವತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಫೋನಿನಲ್ಲಿ ಜಾಗ ಸಾಲದೆ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿದ್ದರು. ಅರ್ಧದಷ್ಟು ಟೈಪ್ ಆಗಿತ್ತು. ಅಷ್ಟರಲ್ಲಿ ಆ ಹಿರಿಯರು ತೀರಿಕೊಂಡರು.

ಏನಾಯಿತು

ಸಿಡಿಲು ಶುರುವಾದ ಕೂಡಲೇ ಅಕ್ಕ ಮೈನ್ ಸ್ವಿಚ್ ಆಫ್ ಮಾಡಿದ್ದರು. ಯುಪಿಎಸ್ ಕೂಡ ಆಫ್. ನಮ್ಮಲ್ಲಿ ಎಲ್ಲರೂ ಮಾಡುವುದು ಇಷ್ಟೇ ಅಲ್ವಾ? ಆದರೆ ಗೋಡೆಯ ಇನ್ನೊಂದು ಬದಿಯಿಂದ ಹಳೆಯ ತಾಮ್ರದ ಟೆಲಿಫೋನ್ ತಂತಿ ಇಂಟರ್ನೆಟ್ಟಿನ ಮೋಡೆಮ್‌ಗೆ ಬರುತ್ತಿತ್ತು. ಮೋಡೆಮ್‌ನಿಂದ ನೆಟ್‌ವರ್ಕ್ ಕೇಬಲ್ ಕಂಪ್ಯೂಟರಿಗೆ. ಕಂಪ್ಯೂಟರಿನಿಂದ ಯುಎಸ್‌ಬಿ ಕೇಬಲ್ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ. ಆ ಡಿಸ್ಕೇ ಬ್ಯಾಕಪ್. ಅದು ವರ್ಷವಿಡೀ ಸಿಕ್ಕಿಸಿಕೊಂಡೇ ಇರುತ್ತಿತ್ತು.

ನಾನು ಹೋಗಿ ಮೋಡೆಮ್ ಬಿಚ್ಚಿದೆ. ಒಳಗಿನ ಹಸಿರು ಬೋರ್ಡಿನಲ್ಲಿ ಟೆಲಿಫೋನ್ ಸಾಕೆಟ್ಟಿನ ಹತ್ತಿರ ಉಗುರಿನಷ್ಟು ಜಾಗ ಕಪ್ಪಾಗಿತ್ತು. ಮದರ್‌ಬೋರ್ಡಿನ ನೆಟ್‌ವರ್ಕ್ ಚಿಪ್ ಮೇಲೆ ಅಕ್ಕಿಕಾಳಿನಷ್ಟು ತೂತು. ಎಕ್ಸ್‌ಟರ್ನಲ್ ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ಲೈಟೂ ಇಲ್ಲ, ತಿರುಗುವ ಸದ್ದೂ ಇಲ್ಲ. ಒಂದೇ ತಂತಿಯಲ್ಲಿ ಬಂದ ಒಂದೇ ಪೆಟ್ಟು ಮೂಲವನ್ನೂ ಪ್ರತಿಯನ್ನೂ ಒಟ್ಟಿಗೆ ತಿಂದಿತ್ತು.

ಮಂಗಳೂರಿನಲ್ಲಿ ಡಾಟಾ ರಿಕವರಿ ಮಾಡುವವರಲ್ಲಿಗೆ ಎರಡನ್ನೂ ಒಯ್ದೆವು. ಕಂಪ್ಯೂಟರಿನೊಳಗೆ ಇದ್ದದ್ದು ಎಸ್‌ಎಸ್‌ಡಿ, ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಡಾಟಾ ಇಡುವ ಡಿಸ್ಕು. ಅದರಲ್ಲಿ ಕಂಟ್ರೋಲರ್ ಚಿಪ್ ಸತ್ತರೆ, ಮೆಮೊರಿ ಚಿಪ್‌ನಲ್ಲಿ ಡಾಟಾ ಇದ್ದರೂ ಅದನ್ನು ಜೋಡಿಸಿ ಓದುವುದು ಬಹಳ ಕಷ್ಟ. ಎಲ್ಲಿ ಏನಿದೆ ಅನ್ನುವ ಲೆಕ್ಕ ಇಟ್ಟುಕೊಳ್ಳುವುದೇ ಆ ಕಂಟ್ರೋಲರ್. ಎಸ್‌ಎಸ್‌ಡಿ ಆಗುವುದಿಲ್ಲ ಅಂದರು. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಸುಟ್ಟದ್ದು ಕೆಳಗಿನ ಬೋರ್ಡು ಮಾತ್ರ, ಒಳಗಿನ ತಟ್ಟೆ ಸರಿ ಇತ್ತು. ಅದೇ ಮಾಡೆಲ್ಲಿನ ಬೇರೆ ಬೋರ್ಡು ತಂದು ಹಾಕಿದರೆ ಮುಗಿಯಿತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಪ್ರತಿ ಡಿಸ್ಕಿಗೂ ಅದರದ್ದೇ ಆದ ಹೊಂದಾಣಿಕೆಯ ಲೆಕ್ಕ ಬೋರ್ಡಿನ ಒಂದು ಪುಟ್ಟ ಚಿಪ್‌ನಲ್ಲಿ ಇರುತ್ತದೆ. ಹಳೆಯ ಬೋರ್ಡಿನಿಂದ ಆ ಚಿಪ್ ಕಿತ್ತು ಹೊಸದರಲ್ಲಿ ಕೂರಿಸಬೇಕು. ಮೂರು ವಾರ ಹಿಡಿಯಿತು, 22 ಸಾವಿರ ರೂಪಾಯಿ ಆಯಿತು.

ಡಿಸ್ಕು ಓದಿತು. ಆದರೆ ಅದರಲ್ಲಿದ್ದದ್ದು ಫೆಬ್ರವರಿ ತಿಂಗಳವರೆಗಿನದು! ಅಕ್ಕ ಕೈಯಲ್ಲೇ ಕಾಪಿ ಮಾಡುತ್ತಿದ್ದರು, ಕೆಲಸ ಜಾಸ್ತಿಯಾದಾಗ ಬಿಟ್ಟುಹೋಗಿತ್ತು. ಡಿಸ್ಕು ಕಣ್ಣೆದುರು ಸಿಕ್ಕಿಸಿಕೊಂಡೇ ಇದ್ದುದರಿಂದ ಬ್ಯಾಕಪ್ ಆಗುತ್ತಲೇ ಇದೆ ಅನ್ನುವ ನಂಬಿಕೆ. ಫೆಬ್ರವರಿಯಿಂದ ತುಲಾ ತಿಂಗಳವರೆಗಿನ ಎಂಟು ತಿಂಗಳ ಕೆಲಸ ಹೋಯಿತು. ಆ ಹಿರಿಯರ ದನಿಯೂ ಹೋಯಿತು.

ಸ್ಮರಣ ಸಂಚಿಕೆಯ ಟೈಪ್ ಆದ ಭಾಗ ಮಾತ್ರ ಉಳಿಯಿತು. ಅದಕ್ಕೆ ಕಾರಣ ವಾಟ್ಸ್‌ಆ್ಯಪ್. ಪ್ರೂಫ್ ನೋಡಲಿಕ್ಕೆ ಅಂತ ದೇವಸ್ಥಾನದ ಸಮಿತಿಯ ಕಾರ್ಯದರ್ಶಿಗೆ ಪಿಡಿಎಫ್ ಕಳಿಸಿದ್ದರು. ಅವರ ಫೋನಿನಲ್ಲಿ ಅದು ಹಾಗೆಯೇ ಇತ್ತು. ಯಾರೂ ಬ್ಯಾಕಪ್ ಅಂತ ಯೋಚಿಸದೆ ಮಾಡಿದ ಆ ಒಂದು ಪ್ರತಿ ಉಳಿಯಿತು, ಏಕೆಂದರೆ ಅದು ಬೇರೆ ಮನೆಯಲ್ಲಿ, ಬೇರೆ ಯಂತ್ರದಲ್ಲಿ ಇತ್ತು. ಮುಂದೆ ನಾವು ಆರಿಸಿಕೊಂಡ ದಾರಿಗೆ ಇದೇ ದೀಪ ಆಯಿತು ಅಂತ ನನಗೆ ಅನಿಸುತ್ತದೆ.

ಯಾವುದನ್ನು ಆರಿಸುವುದು

ಹೊಸ ಕಂಪ್ಯೂಟರ್ ಬಂದ ದಿನವೇ ಅಕ್ಕ ಕೇಳಿದರು, "64 ಜಿಬಿಯ ಎರಡು ಪೆನ್‌ಡ್ರೈವ್ ತಗೊಂಡ್ರೆ ಸಾಕಲ್ವಾ?"

ಸಾಲದು. ಪೆನ್‌ಡ್ರೈವ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲಿಕ್ಕೆ ಒಳ್ಳೆಯದು, ಇಟ್ಟುಕೊಳ್ಳಲಿಕ್ಕೆ ಅಲ್ಲ. ಡಿಟಿಪಿ ಅಂಗಡಿಯಲ್ಲಿ ಅದು ದಿನಕ್ಕೆ ಹತ್ತು ಕಂಪ್ಯೂಟರ್ ಸುತ್ತುತ್ತದೆ, ವೈರಸ್ ತರುತ್ತದೆ, ಗಿರಾಕಿಯ ಜೇಬಿನಲ್ಲಿ ಹೋಗಿಬಿಡುತ್ತದೆ.

ಡಿವಿಡಿಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಅಲ್ಲಿ ನಾವು ಕಣ್ಣಾರೆ ನೋಡಿದ್ದಿದೆ. ಅಂಗಡಿ ಶುರು ಮಾಡಿದ ಮೊದಲ ವರ್ಷಗಳಲ್ಲಿ ಅಕ್ಕ ಡಿವಿಡಿಗೆ ಬರೆದು ಇಡುತ್ತಿದ್ದರು. ಬಿಸ್ಕತ್ತಿನ ಡಬ್ಬದಲ್ಲಿ 23 ಡಿಸ್ಕುಗಳು. ಒಂದೊಂದನ್ನೇ ಹಾಕಿ ನೋಡಿದೆವು. ಒಂಬತ್ತು ಪೂರ್ತಿ ಓದಲಿಲ್ಲ. ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಅಂಚಿನಿಂದ ಒಳಗೆ ಬೂಸ್ಟಿನ ಗೆರೆಗಳು ಹಬ್ಬಿದ್ದವು, ಮಳೆಗಾಲದಲ್ಲಿ ಒಣಗದ ಅಡಕೆಯ ಮೇಲೆ ಬರುತ್ತದಲ್ಲ, ಹಾಗೆ. ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಡಾಟಾ ಕೂರುವುದು ಬಣ್ಣದ ಒಂದು ತೆಳು ಪದರದಲ್ಲಿ. ಶಾಖ, ಬೆಳಕು, ತೇವ ಮೂರೂ ಅದಕ್ಕೆ ಆಗುವುದಿಲ್ಲ. ನಮ್ಮ ಊರಿನ ಜೂನ್, ಜುಲೈ, ಆಗಸ್ಟ್ ಅದಕ್ಕೆ ಹೇಳಿ ಮಾಡಿಸಿದ ಶತ್ರು. ಉಳಿದ ಹದಿನಾಲ್ಕನ್ನು ಕೂಡಲೇ ಹೊಸ ಡಿಸ್ಕಿಗೆ ಇಳಿಸಿಕೊಂಡೆವು.

ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ ತಗೊಳ್ಳಿ, ಒಳಗೆ ಎರಡು ಡಿಸ್ಕು ಒಂದನ್ನೊಂದು ನಕಲು ಮಾಡುತ್ತಾ ಇರುತ್ತವೆ ಅಂತ ಯಾರೋ ಹೇಳಿದ್ದರು. ಡಿಸ್ಕು ಕೆಟ್ಟರೆ ಅದು ಕಾಪಾಡುತ್ತದೆ, ಸಿಡಿಲಿನಿಂದ ಕಾಪಾಡುವುದಿಲ್ಲ. ಅದೇ ಮೇಜು, ಅದೇ ತಂತಿ. ಅಕ್ಕ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಬಿಟ್ಟೆವು.

ಉಳಿದದ್ದು ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರುಗಳಲ್ಲಿ ಫೈಲು ಇಡುವುದು. ಅಕ್ಕನ ಮಗಳಿಗೆ ಅದೇ ಸರಿ ಅನಿಸಿತ್ತು. "ಎಲ್ಲ ಮೇಲೆ ಹಾಕಿಬಿಡುವ, ಸಿಡಿಲು ಅಲ್ಲಿಗೆ ಬರುವುದಿಲ್ಲ" ಅಂದಳು. ಮಾತು ಅರ್ಧ ಸರಿ. ಕೂತು ಲೆಕ್ಕ ಹಾಕಿದೆವು. ಮಂಗಳೂರಿನಿಂದ ವಾಪಸ್ ಬಂದದ್ದು, ಡಿವಿಡಿಯಿಂದ ಇಳಿಸಿದ್ದು ಸೇರಿ 180 ಜಿಬಿ. ಈಗ ಅಂಗಡಿಗೆ ಫೈಬರ್ ಬಂದಿದೆ, ಅಪ್‌ಲೋಡ್ ಅಂದಾಜು 20 ಎಂಬಿಪಿಎಸ್. ಅಂದರೆ ಸೆಕೆಂಡಿಗೆ ಎರಡೂವರೆ ಎಂಬಿ, ಗಂಟೆಗೆ 9 ಜಿಬಿ. ಒಂದು ನಿಮಿಷವೂ ನಿಲ್ಲದೆ ಹೋದರೆ 20 ಗಂಟೆ. ಮಳೆಗಾಲದಲ್ಲಿ ನಮ್ಮ ಕರೆಂಟು ಅಷ್ಟು ಹೊತ್ತು ಹೋಗದೆ ಇರುತ್ತದಾ? ಗೂಗಲ್ ಡ್ರೈವ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲ ಬಂತು. 100 ಜಿಬಿ ಬೇಕಾದರೆ ನಾವು ಕಟ್ಟಿದ್ದು ವರ್ಷಕ್ಕೆ 1,300 ರೂಪಾಯಿ.

ಇನ್ನೊಂದು ವಿಷಯ ಹುಡುಗಿಗೆ ಗೊತ್ತಿರಲಿಲ್ಲ, ಬಹಳ ಜನರಿಗೂ ಗೊತ್ತಿಲ್ಲ. ಕಂಪ್ಯೂಟರಿನ ಫೋಲ್ಡರನ್ನು ಕ್ಲೌಡಿಗೆ ಸಿಂಕ್ ಮಾಡಿಟ್ಟರೆ ಅದು ಕನ್ನಡಿಯ ಹಾಗೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ. ಸ್ಮರಣ ಸಂಚಿಕೆಯ ಫೈಲು ಇಲ್ಲ ಅಂತ ಎರಡು ತಿಂಗಳ ಮೇಲೆ ಗೊತ್ತಾದರೆ? ಎರಡು ವರ್ಷ ಆ ಖಾತೆಯನ್ನು ಬಳಸದೇ ಬಿಟ್ಟರೆ ಖಾತೆಯನ್ನೇ ಅಳಿಸುವ ನಿಯಮವೂ ಇದೆ. ಕ್ಲೌಡ್ ಬೇಕು. ಅದೊಂದೇ ಸಾಲದು.

ಈ ಮಾತು ನಡೆಯುವಾಗ ನಾನು ಅವರಿಗೆ 3-2-1 ಅನ್ನುವ ಲೆಕ್ಕ ಹೇಳಿದೆ. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋ ಇದನ್ನು ಜನಪ್ರಿಯ ಮಾಡಿದ್ದು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ನಾನು ಇದಕ್ಕೆ ಇನ್ನೊಂದು ಸೇರಿಸುತ್ತೇನೆ: ಒಂದು ಪ್ರತಿ ಯಾವ ತಂತಿಗೂ ಸಿಕ್ಕಿಸದೆ ಇರಬೇಕು.

ಅದು ಸಿಡಿಲಿಗಾಗಿ ಮಾತ್ರ ಅಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಬಂದಾಗ 150ರಷ್ಟು ದೇಶಗಳ ಕಂಪ್ಯೂಟರ್‌ಗಳಲ್ಲಿ ಫೈಲುಗಳಿಗೆ ಬೀಗ ಬಿತ್ತು, ಬಿಡಿಸಲಿಕ್ಕೆ 300 ಡಾಲರ್ ಕೇಳಿದರು. ಕೇರಳದ ಕೆಲವು ಪಂಚಾಯತ್ ಕಚೇರಿಗಳಲ್ಲೂ ಅದು ಕಾಣಿಸಿಕೊಂಡಿತ್ತು. ಡಿಟಿಪಿ ಅಂಗಡಿಗಳಿಗೆ ಅದಕ್ಕಿಂತ ಹತ್ತಿರದ ಭಯ ಕಳ್ಳ ಸಾಫ್ಟ್‌ವೇರ್. ಫೋಟೋಶಾಪಿನ, ಕೋರೆಲ್‌ನ ಕ್ರ್ಯಾಕ್ ಅಂತ ಇಳಿಸಿಕೊಂಡದ್ದರ ಜೊತೆಯಲ್ಲೇ ಫೈಲಿಗೆ ಬೀಗ ಹಾಕುವ ವೈರಸ್ ಬರುತ್ತದೆ. ಅದು ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕನ್ನೂ ಬಿಡುವುದಿಲ್ಲ. ಕಪಾಟಿನಲ್ಲಿ ಇರುವ ಡಿಸ್ಕಿಗೆ ಅದು ಏನೂ ಮಾಡಲಾರದು. ಅಕ್ಕನ ಹೊಸ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಹಾಕುವುದಿಲ್ಲ ಅಂತ ನಾನು ಹಟ ಹಿಡಿದೆ.

ಕೊನೆಗೆ ಮಾಡಿದ್ದು

ಒಂದು ಟಿಬಿಯ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ತಂದೆವು, ಬೇರೆ ಬೇರೆ ಕಂಪನಿಯವು. ಒಂದಕ್ಕೆ ಐದು ಸಾವಿರದ ಒಳಗೆ ಸಿಕ್ಕಿತು. ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ಹಸಿರು ಟೇಪ್ ಅಂಟಿಸಿದೆವು. ಒಂದು ಅಂಗಡಿಯಲ್ಲಿ, ಒಂದು ಆರು ಕಿಲೋಮೀಟರ್ ಆಚೆ ಅವರ ಮನೆಯಲ್ಲಿ. ಪ್ರತಿ ಶನಿವಾರ ಅದಲು ಬದಲು. ಅಂಗಡಿಯಲ್ಲಿರುವ ಡಿಸ್ಕು ಸಂಜೆ ಕಾಪಿ ಮಾಡುವ ಹೊತ್ತಿಗೆ ಮಾತ್ರ ಕಂಪ್ಯೂಟರಿಗೆ, ಆಮೇಲೆ ತೆಗೆದು ಸ್ಟೀಲ್ ಡಬ್ಬಕ್ಕೆ. ತೇವಕ್ಕೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ.

ಕಾಪಿ ಮಾಡಲಿಕ್ಕೆ ಫ್ರೀಫೈಲ್‌ಸಿಂಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ಅದರಲ್ಲಿ ಮಿರರ್ ಅಂತ ಇಟ್ಟರೆ ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುತ್ತದೆ. ಹಾಗಾಗಿ ಅಳಿದದ್ದು, ಬದಲಾದದ್ದು ಬೇರೆ ಫೋಲ್ಡರಿಗೆ ಹೋಗಿ ಕೂರುವ ಹಾಗೆ ವರ್ಶನಿಂಗ್ ಇಟ್ಟೆ. ಅಕ್ಕನಿಗೆ ಉಳಿದದ್ದು ಒಂದು ಐಕಾನ್ ಒತ್ತುವ ಕೆಲಸ. ಕೈಯಲ್ಲಿ ಕಾಪಿ ಮಾಡುವ ವ್ಯವಸ್ಥೆ ಎಂಟು ತಿಂಗಳು ನಿಂತದ್ದು ಅಕ್ಕನ ಉದಾಸೀನದಿಂದ ಅಲ್ಲ, ದಿನಾ ಹತ್ತು ಫೋಲ್ಡರ್ ಹುಡುಕಿ ಎಳೆಯುವುದು ಯಾರಿಂದಲೂ ಆಗುವ ಕೆಲಸ ಅಲ್ಲ.

ಕ್ಲೌಡಿಗೆ ಎಲ್ಲವನ್ನೂ ಹಾಕಲಿಲ್ಲ. ನಡೆಯುತ್ತಿರುವ ಕೆಲಸ, ಸ್ಮರಣ ಸಂಚಿಕೆಗಳು, ವಂಶಾವಳಿಗಳು, ರೆಕಾರ್ಡಿಂಗ್. ಒಟ್ಟು 38 ಜಿಬಿ, ಒಂದೇ ರಾತ್ರಿಯಲ್ಲಿ ಹೋಯಿತು. ಹಳೆಯ ಫ್ಲೆಕ್ಸ್ ಡಿಸೈನುಗಳು ಡಿಸ್ಕಿನಲ್ಲಿ ಇದ್ದರೆ ಸಾಕು.

ಮನೆಗೆ ಒಯ್ಯುವ ಡಿಸ್ಕು ಬಸ್ಸಿನಲ್ಲಿ ಬಿದ್ದುಹೋದರೆ? ಈ ಪ್ರಶ್ನೆ ಕೇಳಿದವರು ಅಕ್ಕನೇ. ಆಗ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಗಿರಾಕಿಗಳ ಆಧಾರ್, ಪಾನ್ ಕಾರ್ಡ್, ಬ್ಯಾಂಕ್ ಪುಸ್ತಕದ ಸ್ಕ್ಯಾನ್, ರೇಶನ್ ಕಾರ್ಡಿನ ಅರ್ಜಿಗೆ ಅಂತ ಕೊಟ್ಟದ್ದು, ನೂರಾರು ಇದ್ದವು. ಅವನ್ನು ಕಾಪಾಡುವುದಲ್ಲ, ಅಳಿಸಬೇಕು. ಅರ್ಜಿ ಕಳಿಸಿ ಆಯಿತು ಅಂದರೆ ಅದು ನಮ್ಮ ವಸ್ತು ಅಲ್ಲ. ಅಳಿಸಿದೆವು. ಈಗ ಅಂಥದ್ದಕ್ಕೆ ಬೇರೆಯೇ ಒಂದು ಫೋಲ್ಡರ್, ಬ್ಯಾಕಪ್‌ಗೆ ಸೇರುವುದಿಲ್ಲ, ಶನಿವಾರ ಖಾಲಿ ಮಾಡುತ್ತಾರೆ. ಉಳಿದದ್ದಕ್ಕೆ ವೆರಾಕ್ರಿಪ್ಟ್ ಅನ್ನುವ, ಡಿಸ್ಕಿಗೆ ಬೀಗ ಹಾಕುವ ಸಾಫ್ಟ್‌ವೇರ್ ಹಾಕಿ ಎರಡು ಡಿಸ್ಕಿಗೂ ಪಾಸ್‌ವರ್ಡ್ ಇಟ್ಟೆವು. ಈ ಪಾಸ್‌ವರ್ಡ್ ಮರೆತರೆ ಮಂಗಳೂರಿಗಲ್ಲ, ಎಲ್ಲಿಗೆ ಹೋದರೂ ಡಿಸ್ಕು ತೆರೆಯುವುದಿಲ್ಲ. ಹಾಗಾಗಿ ಒಂದು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಅಕ್ಕನ ತವರುಮನೆಯ ಕಪಾಟಿನಲ್ಲಿ ಇಟ್ಟಿದ್ದಾರೆ. ಮಗಳಿಗೂ ಗೊತ್ತು.

ತೆರೆದು ನೋಡಿದಾಗ

ಗಿಟ್‌ಲ್ಯಾಬ್ ಅನ್ನುವ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬರು ತಪ್ಪಿ ಡಾಟಾಬೇಸ್ ಅಳಿಸಿದರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಬೇರೆ ಕಾರಣಕ್ಕೆ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ಅದನ್ನು ಅವರೇ ಬಹಿರಂಗವಾಗಿ ಬರೆದುಕೊಂಡರು. ಅಂಥ ಎಂಜಿನಿಯರುಗಳಿಗೇ ಹೀಗಾದರೆ ನಾವು ತೆರೆದು ನೋಡದೆ ಇರಬಾರದು ಅಂತ, ಒಂದು ತಿಂಗಳು ಕಳೆದ ಮೇಲೆ ಹಸಿರು ಡಿಸ್ಕನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿದೆವು. ಅಂಗಡಿಯ ಕಂಪ್ಯೂಟರ್ ಇಲ್ಲವೇ ಇಲ್ಲ ಅಂತ ಲೆಕ್ಕ.

ಫೈಲುಗಳೆಲ್ಲ ಇದ್ದವು. ಒಂದು ಮದುವೆ ಕಾಗದದ ವರ್ಡ್ ಫೈಲು ತೆರೆದರು. ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಬೊಟ್ಟು, ಗೀಟು ಇಟ್ಟ ಹಾಗೆ ಏನೇನೋ ಚಿಹ್ನೆ. ಕನ್ನಡದ ಒಂದು ಅಕ್ಷರ ಇಲ್ಲ. ಅಕ್ಕನ ಮುಖ ಸಣ್ಣಗಾಯಿತು. "ಇದೂ ಹಾಳಾಯ್ತಾ?" ಅಂದರು.

ಹಾಳಾಗಿರಲಿಲ್ಲ. ಆ ಲ್ಯಾಪ್‌ಟಾಪಿನಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟ್, ಅಂದರೆ ಅಕ್ಷರಗಳ ಚಿತ್ರ ಇರುವ ಫೈಲು, ಇರಲಿಲ್ಲ, ಅಷ್ಟೇ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ನಾವು 'ಕ' ಅಂತ ನೋಡುವುದು ಕಂಪ್ಯೂಟರಿನ ಲೆಕ್ಕದಲ್ಲಿ ಕ ಅಲ್ಲ. ಇಂಗ್ಲಿಷಿನ ಯಾವುದೋ ಚಿಹ್ನೆಯ ಜಾಗದಲ್ಲಿ ಕ-ದ ಚಿತ್ರ ಬರೆದಿಟ್ಟಿರುತ್ತಾರೆ. ಫಾಂಟ್ ಹೋದರೆ ಚಿತ್ರ ಹೋಗುತ್ತದೆ, ಚಿಹ್ನೆ ಉಳಿಯುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದ್ದೇ ಜಾಗ ಇದೆ, ಅಲ್ಲಿ ಈ ತೊಂದರೆ ಇಲ್ಲ. ಆದರೆ ಡಿಟಿಪಿಯವರ ಹಳೆಯ ಕೆಲಸ ಎಲ್ಲ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ ಮತ್ತು ಆ ಫಾಂಟುಗಳಲ್ಲೇ ಇದೆ. ಪೇಜ್‌ಮೇಕರ್ ಅಂತೂ 7ನೇ ಆವೃತ್ತಿಗೇ ನಿಂತುಹೋಯಿತು.

ಕನ್ನಡದಲ್ಲಿ ಕೆಲಸ ಮಾಡುವವರು ದಯವಿಟ್ಟು ಇದನ್ನು ಗಮನಿಸಬೇಕು. ಇಂಗ್ಲಿಷಿನವರಿಗೆ ಬರೆದ ಬ್ಯಾಕಪ್ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ. ಫೈಲು ಮಾತ್ರ ಉಳಿಸಿದರೆ ನಮಗೆ ಉಳಿಯುವುದು ಚಿಹ್ನೆಗಳ ರಾಶಿ. ಅವತ್ತೇ ಫಾಂಟುಗಳ ಪೂರ್ತಿ ಫೋಲ್ಡರನ್ನೂ ನುಡಿಯ ಇನ್‌ಸ್ಟಾಲರನ್ನೂ ಎರಡು ಡಿಸ್ಕಿಗೂ ಹಾಕಿದೆವು. ಮುಗಿದ ಪ್ರತಿ ಕೆಲಸಕ್ಕೂ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಒಂದು. ಮುಖ್ಯವಾದ ಬರಹಗಳನ್ನು ಯೂನಿಕೋಡಿಗೆ ಬದಲಾಯಿಸಿ ಸಾದಾ ಟೆಕ್ಸ್ಟ್ ಫೈಲು ಮಾಡಿ ಇಡುವುದು. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಕೂತು ಓದಬೇಕು. ರಜೆಯಲ್ಲಿ ಮಗಳು ಒಂದೊಂದೇ ಸಂಚಿಕೆ ಹಿಡಿದು ಓದುತ್ತಿದ್ದಾಳೆ. ಹದಿಮೂರು ವರ್ಷದ್ದು ಒಂದೇ ಬೇಸಿಗೆಯಲ್ಲಿ ಮುಗಿಯುವುದಿಲ್ಲ.

ಖರ್ಚು ಎರಡು ಡಿಸ್ಕು ಮತ್ತು ಒಂದು ವರ್ಷದ ಕ್ಲೌಡ್ ಸೇರಿ 11 ಸಾವಿರದ ಆಸುಪಾಸು. ರಿಕವರಿಗೆ ಕೊಟ್ಟದ್ದರ ಅರ್ಧ. ಸಿಡಿಲು ಬಂದಾಗ ಈಗ ಅಕ್ಕ ಮೈನ್ ಸ್ವಿಚ್ಚಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕೀಳುತ್ತಾರೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಕಂಬದಿಂದ ಬರುವ ಕೇಬಲಿನಲ್ಲಿ ಎಳೆಯ ಜೊತೆಗೆ ಕಬ್ಬಿಣದ ತಂತಿಯೂ ಇರುತ್ತದೆ. ಕೀಳುವುದೇ ಒಳ್ಳೆಯದು.

ಸ್ಮರಣ ಸಂಚಿಕೆ ತಡವಾಗಿ ಅಚ್ಚಿಗೆ ಹೋಯಿತು. ಆ ಹಿರಿಯರ ಕಥೆ ಅರ್ಧಕ್ಕೆ ನಿಂತದ್ದು ಅಕ್ಕನಿಗೆ ಸಮಾಧಾನ ಇರಲಿಲ್ಲ. ಅವರ ತಂಗಿಯೊಬ್ಬರು ಮುಳ್ಳೇರಿಯದ ಕಡೆ ಇದ್ದಾರೆ ಅಂತ ಗೊತ್ತಾಗಿ, ಒಂದು ಆದಿತ್ಯವಾರ ಬಸ್ಸು ಹತ್ತಿ ಹೋದರು. ಅಜ್ಜಿಗೆ ಎಲ್ಲ ನೆನಪಿಲ್ಲ. ಅಣ್ಣ ಹೇಳುತ್ತಿದ್ದ ಹಾಗೆ ಹೇಳಲಿಕ್ಕೆ ತನಗೆ ಬರುವುದಿಲ್ಲ ಅಂದರಂತೆ. ಆದರೂ ಕೆರೆಯ ಕಥೆ, ಮೊದಲ ದೀಪದ ಕಥೆ ಹೇಳಿದರು. ಹದಿನೇಳು ನಿಮಿಷ.

ಅವತ್ತು ರಾತ್ರಿ ಒಂಬತ್ತೂವರೆಗೆ ಅಕ್ಕನ ಮೆಸೇಜು ಬಂತು. "ಕೆಂಪಿಗೆ ಹಾಕಿದೆ. ಕ್ಲೌಡಿಗೂ ಹೋಯಿತು. ಹಸಿರು ಅಂಗಡಿಯಲ್ಲಿ ಉಂಟು, ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ. ಫೋನಿನಿಂದ ಅಳಿಸಲಿಲ್ಲ."